ಮುಚ್ಚಳವಿಲ್ಲದ ಬೀಕರು

ಮಾಲೂರಿನ ಬಸ್ಸು ಕೋಲಾರ ಬಿಟ್ಟು ಇನ್ನೂ ಕಾಲು ಗಂಟೆಯಾಗಿರಲಿಲ್ಲ, ಉಮಾಶಂಕರನಿಗೆ ತನ್ನ ಬೆರಳುಗಳಿಂದ ಆಮ್ಲದ ವಾಸನೆ ಬರುತ್ತಿದೆ ಅನ್ನಿಸಿತು. ಮೂಗಿಗೆ ಹಿಡಿದು ನೋಡಿದ. ಸೋಪಿನ ವಾಸನೆ ಮಾತ್ರ. ಶ್ರೀನಿವಾಸಪುರದ ಮಾವಿನ ಚೀಲವನ್ನು ಕಾಲ ಬುಡದಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನು ಬೆರಳು ಮೂಸುವುದನ್ನು ಕಂಡು ಕಿಟಕಿಯ ಕಡೆಗೆ ಸರಿದಳು. ಅವಳು ಸರಿದದ್ದು ತನ್ನ ವಿಷಯ ಗೊತ್ತಾಗಿಯೇ ಇರಬೇಕು ಎಂದುಕೊಂಡ. ಮರುಗಳಿಗೆಯೇ ಇವಳಿಗೆ ಹೇಗೆ ಗೊತ್ತಾದೀತು ಎಂದು ನಾಚಿಕೊಂಡ. ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಚೀಟಿಯೊಂದಿತ್ತು. ಮೂರು ದಿನದಿಂದ ಅದು ಅಲ್ಲೇ ಇತ್ತು. ಅಂಗಿ ಬದಲಾಯಿಸಿದಾಗ ಪೆನ್ನಿನ ಜೊತೆ ಅದನ್ನೂ ಹೊಸ ಜೇಬಿಗೆ ವರ್ಗಾಯಿಸುತ್ತಿದ್ದ. ಅದರ ಮೇಲೆ ಒಂದೇ ಒಂದು ಅಂಕಿ: ಅರವತ್ತಮೂರು.

ಕಾರ್ಖಾನೆ ದೊಡ್ಡದೇನಲ್ಲ. ಕತ್ತಲಲ್ಲಿ ಮನುಷ್ಯನ ಮೈಶಾಖ ನೋಡುವ ಕ್ಯಾಮರಾಗಳಿಗೆ ಜರ್ಮೇನಿಯಂ ಲೋಹದ ಲೆನ್ಸುಗಳನ್ನು ಉಜ್ಜಿ ಕೊಡುತ್ತಾರೆ. ಗಾಜಿನ ಲೆನ್ಸಿನ ಹಾಗಲ್ಲ, ಇದರ ಆಚೆಗೆ ಏನೂ ಕಾಣುವುದಿಲ್ಲ. ಬೂದುಬಣ್ಣದ ಕನ್ನಡಿಯಂತೆ ಹೊಳೆಯುತ್ತದೆ, ನೋಡಿದರೆ ನಿಮ್ಮ ಮುಖವೇ ನಿಮಗೆ ಕಾಣುತ್ತದೆ. ಉಜ್ಜುವಾಗ ಬಿದ್ದ ಪುಡಿ ನೀರಿನ ಜೊತೆ ಕೆಸರಾಗಿ ಡ್ರಮ್ಮಿಗೆ ಸೇರುತ್ತದೆ. ಆ ಕೆಸರಿಗೆ ಬಂಗಾರದ ಮರ್ಯಾದೆ. ಒಣಗಿಸಿ, ಮುದ್ರೆ ಹಾಕಿ, ಮತ್ತೆ ಲೋಹ ಮಾಡುವವರಿಗೆ ಕಳಿಸುತ್ತಾರೆ. ಕಳಿಸುವ ಮುಂಚೆ ಪ್ರತಿ ಡ್ರಮ್ಮಿನಿಂದ ಹಿಡಿ ಪುಡಿ ತೆಗೆದು ಎರಡು ಪಾಲು ಮಾಡುವುದು ವಾಡಿಕೆ. ಒಂದು ಪಾಲು ಪರೀಕ್ಷೆಗೆ, ಇನ್ನೊಂದು ಪೊಟ್ಟಣ ಕಟ್ಟಿ ಕಪಾಟಿಗೆ. ಡ್ರಮ್ಮುಗಳ ಉಸ್ತುವಾರಿ ಶಿವಾರಪಟ್ಟಣದ ಓಬೇದುಲ್ಲಾನದು. ಪರೀಕ್ಷೆ ಉಮಾಶಂಕರನದು. ಪುಡಿಯಲ್ಲಿ ಜರ್ಮೇನಿಯಂ ನೂರಕ್ಕೆ ಅರವತ್ತಕ್ಕಿಂತ ಕಡಿಮೆ ಯಾವತ್ತೂ ಬಂದದ್ದಿಲ್ಲ. ಹನ್ನೆರಡು ದಿನದ ಹಿಂದೆ ಹತ್ತೊಂಬತ್ತು ಬಂತು.

ಅಂದು ನಡೆದದ್ದು ಇಷ್ಟೇ. ಆವಿಯನ್ನು ತಣಿಸಿ ಮತ್ತೆ ಪಾತ್ರೆಗೇ ಇಳಿಸುವ ಗಾಜಿನ ಕೊಳವೆಯನ್ನು ಅವನೇ ಹಿಂದಿನ ವಾರ ತೊಳೆಯುವಾಗ ಒಡೆದಿದ್ದ. ಹೊಸದು ಬರಲಿ ಎಂದು ಕಾದಿದ್ದರೆ ಕಾಯಬಹುದಿತ್ತು. ಪುಡಿಯನ್ನು ಕರಗಿಸಿ, ಹೈಡ್ರೋಕ್ಲೋರಿಕ್ ಆಮ್ಲ ಸುರಿದು, ಬರೀ ಬೀಕರನ್ನು ಬಿಸಿಯ ಮೇಲಿಟ್ಟ. ಕುದಿಯುವ ಮೊದಲೇ ಇಳಿಸಿಬಿಡುತ್ತೇನೆ ಎಂದುಕೊಂಡಿದ್ದ. ಆಗ ಕೋಲಾರದ ಕಾಲೇಜಿನಿಂದ ಫೋನು ಬಂತು. ಆರು ವರ್ಷ ಅಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳಿದವನು ಅವನು. ಈ ಸಲ ಮತ್ತೆ ಕರೆಯುತ್ತಾರೆಂದು ಅರ್ಜಿ ಹಾಕಿದ್ದ. ಮಾತಾಡಲು ಹೊರಗೆ ಬಂದ. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಆ ಕಡೆಯ ಗುಮಾಸ್ತ ಒಂದೇ ಮಾತಲ್ಲಿ ಹೇಳಿ ಇಟ್ಟುಬಿಟ್ಟ. ಇಟ್ಟ ಮೇಲೂ ಉಮಾಶಂಕರ ಫೋನನ್ನು ಕಿವಿಗೆ ಹಿಡಿದು, ಹೌದಾ, ಆಗಲಿ, ಪರವಾಗಿಲ್ಲ ಎನ್ನುತ್ತ ಕಾಂಪೌಂಡಿನ ಉದ್ದಕ್ಕೂ ಓಡಾಡಿದ. ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ ಕೆಲಸಗಾರರಿಗೆ ತನ್ನನ್ನು ಯಾರೋ ದೊಡ್ಡವರು ಓಲೈಸುತ್ತಿದ್ದಾರೆಂದು ಕಾಣಲಿ ಎಂದಿರಬೇಕು. ಒಳಗೆ ಬಂದಾಗ ಬೀಕರಿನಲ್ಲಿ ಎರಡು ಬೆರಳಿನಷ್ಟು ದ್ರವ ಉಳಿದಿತ್ತು. ಕೋಣೆಯ ತುಂಬ ತೆಳು ಬಿಳಿ ಹೊಗೆ.

ಜರ್ಮೇನಿಯಂ ಕ್ಲೋರೈಡು ನೀರಿಗಿಂತ ಮುಂಚೆ ಕುದಿಯುತ್ತದೆ. ಎಂಬತ್ತನಾಲ್ಕು ಡಿಗ್ರಿ ಸಾಕು. ಬಣ್ಣವಿಲ್ಲ, ನೀರಿನ ಹಾಗೇ ಇರುತ್ತದೆ, ಹೋಗುವಾಗ ಗೊತ್ತಾಗುವುದೂ ಇಲ್ಲ. ಇದನ್ನು ಅವನು ಆರು ವರ್ಷ ಆರು ತಂಡಗಳಿಗೆ ಬರೆಸಿದ್ದ. ಕಾಲೇಜಿನಲ್ಲಿ ಜರ್ಮೇನಿಯಂನ ಒಂದು ಚೂರೂ ಇರಲಿಲ್ಲ. ಬಣ್ಣದ ಸೀಮೆಸುಣ್ಣದಲ್ಲೇ ಪಾಠ. ಕ್ಲೋರೈಡಿಗೆ ಖಾಲಿ ವೃತ್ತ, ಬ್ರೋಮೈಡಿಗೂ ಖಾಲಿ ವೃತ್ತ, ನಾಲ್ಕು ಅಯೋಡಿನ್ ಸೇರಿದ್ದಕ್ಕೆ ಕಿತ್ತಳೆ, ಎರಡೇ ಸೇರಿದ್ದಕ್ಕೆ ಹಳದಿ. ಹಳದಿಯನ್ನು ಕಾಯಿಸಿದರೆ ಒಂದು ಪಾಲು ಕಿತ್ತಳೆಯಾಗಿ ಮೇಲೆ ಹೋಗುತ್ತದೆ, ಇನ್ನೊಂದು ಪಾಲು ಶುದ್ಧ ಲೋಹವಾಗಿ ಕೊಳವೆಯ ಗೋಡೆಗೆ ಕನ್ನಡಿಯಂತೆ ಅಂಟುತ್ತದೆ ಎಂದು ಹೇಳುವಾಗ ಅವನ ದನಿ ತಾನಾಗಿಯೇ ಇಳಿಯುತ್ತಿತ್ತು. ಹಿಂದಿನ ಬೆಂಚಿನ ಹುಡುಗರು, ಸಾರ್ ನೀವು ನೋಡಿದ್ದೀರಾ ಎಂದು ಕೇಳಿದ್ದರು. ನೋಡಿದ್ದೀನಿ ಅಂದಿದ್ದ. ನೋಡಿರಲಿಲ್ಲ. ಇಡೀ ತರಗತಿಗೆ ಅದು ಗೊತ್ತಾದಂತೆ ಒಂದು ನಗು ಹೊರಳಿಹೋಗಿತ್ತು.

ಹತ್ತೊಂಬತ್ತು ಎಂಬ ಅಂಕಿ ಕಂಡ ಗಳಿಗೆಯಲ್ಲೇ, ಉಳಿದದ್ದು ಆವಿಯಾಗಿ ಹೋಯಿತೆಂದು ಅವನಿಗೆ ತಿಳಿದಿತ್ತು. ಆದರೆ ಮಾಲೀಕ ಅಮರನಾಥ್ ಬಾಗಿಲಲ್ಲಿ ನಿಂತು, ಏನಾಯ್ತ್ರೀ, ಲಾರಿ ಕಾಯ್ತಾ ಇದೆ, ಎನ್ನುತ್ತಿದ್ದರು. ಅವನು ಬರೆದು ಸಹಿ ಹಾಕಿದ. ಅಂಕಿ ಸುಳ್ಳಾಗಿರಲಿಲ್ಲ, ಬೀಕರಿನಲ್ಲಿದ್ದದ್ದು ಅಷ್ಟೇ. ಈ ಮಾತನ್ನು ಆಮೇಲೆ ಎಷ್ಟು ಸಲ ಹೇಳಿಕೊಂಡನೋ ಲೆಕ್ಕವಿಲ್ಲ. ಮೂರು ದಿನ ಅಮರನಾಥ್ ಗೋದಾಮು, ಪುಸ್ತಕ ಎಲ್ಲ ತಡಕಿದರು. ನಾಲ್ಕನೆಯ ದಿನ ಕಾರ್ಖಾನೆಯಲ್ಲಿ ಸುದ್ದಿ ಹುಟ್ಟಿತು: ಓಬೇದುಲ್ಲಾ ಪುಡಿ ಕದ್ದು, ಬದಲಿಗೆ ಊರಿನ ಕಲ್ಲುಪುಡಿ ಬೆರೆಸಿದ್ದಾನೆ. ಶಿವಾರಪಟ್ಟಣದಲ್ಲಿ ಮನೆ ಮನೆಯ ಮುಂದೆ ವಿಗ್ರಹ ಕೆತ್ತುತ್ತಾರೆ, ಉಳಿ ಬಿದ್ದಲ್ಲೆಲ್ಲ ಬೂದುಬಣ್ಣದ ಪುಡಿ. ಕಣ್ಣಿಗೆ ಎರಡೂ ಒಂದೇ. ಓಬೇದುಲ್ಲಾ ಇಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಆ ವಿಗ್ರಹಗಳಿಗೆ ಕೊನೆಯ ಹೊಳಪು ಕೊಡುತ್ತಿದ್ದವನು. ಇದಕ್ಕಿಂತ ಸಾಕ್ಷಿ ಬೇಕೆ ಎಂದರು.

ಬಸ್ಸು ಇಳಿದು ನಡೆದು ಬಂದಾಗ ಗೇಟಿನ ಹತ್ತಿರ ಅಂಬ್ರೀನ್ ನಿಂತಿದ್ದಳು. ಓಬೇದುಲ್ಲಾನ ಮಗಳು. ಅವನ ಕೊನೆಯ ತಂಡದ ವಿದ್ಯಾರ್ಥಿನಿ, ಈಗ ಮಾಲೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಹಸಿರು ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿದ್ದಳು. ಎದೆಗೆ ಒಂದು ಹಳೆಯ ನೋಟ್ ಪುಸ್ತಕ ಒತ್ತಿಕೊಂಡಿದ್ದಳು. ಅವಳನ್ನು ಕಂಡು ಅವನಿಗೆ ತಿರುಗಿ ಹೋಗಿಬಿಡೋಣ ಅನ್ನಿಸಿತು.

"ಗುಡ್ ಮಾರ್ನಿಂಗ್ ಸರ್," ಎಂದಳು, ತರಗತಿಯಲ್ಲಿ ಎದ್ದು ನಿಂತಂತೆ. "ಅಬ್ಬಾಗೆ ಇವತ್ತು ಲೆಟರ್‌ಗೆ ಸೈನ್ ಹಾಕು ಅಂತ ಹೇಳಿದ್ದಾರೆ. ಕದ್ದಿದ್ದು ನಾನೇ ಅಂತ. ಹಾಕದಿದ್ರೆ ಪೊಲೀಸ್ ಅಂತೆ."

"ಗೊತ್ತಮ್ಮ."

"ನೀವಿದ್ದೀರಲ್ಲ ಅಂತ ನಾನು ಧೈರ್ಯವಾಗಿದ್ದೆ ಸರ್. ರಾತ್ರಿ ನಿಮ್ಮ ನೋಟ್ಸ್ ತೆಗೆದೆ. ಆಸಿಡ್ ಹಾಕಿ ತೆರೆದಿಟ್ಟು ಕಾಯಿಸಿದ್ರೆ ಹೊರಟುಹೋಗುತ್ತೆ ಅಂತ ನೀವೇ ಬರೆಸಿದ್ರಿ. ಹಾಗೇನಾದ್ರೂ..."

ಅವಳ ಕಣ್ಣಲ್ಲಿ ಸಂಶಯವಿರಲಿಲ್ಲ. ಬಿಡಿಸಲಾಗದ ಲೆಕ್ಕವನ್ನು ಗುರುಗಳ ಮುಂದೆ ಹಿಡಿದಂತೆ ಆ ಪ್ರಶ್ನೆಯನ್ನು ಹಿಡಿದಿದ್ದಳು. ಅದೇ ಅವನನ್ನು ಕೆಡಿಸಿತು.

"ಅದು ಕಾಲೇಜಿನ ಮಾತು ಕಣಮ್ಮ. ಇಲ್ಲಿ ಪದ್ಧತಿ ಬೇರೆ. ಹಾಗೆಲ್ಲ ಆಗಲ್ಲ," ಎಂದ. ಎಷ್ಟು ಸಲೀಸಾಗಿ ಬಂತು! ಆ ಸಲೀಸಿಗೆ ಅವನೇ ಬೆಚ್ಚಿದ.

ಅಷ್ಟರಲ್ಲಿ ಓಬೇದುಲ್ಲಾ ತನ್ನ ಹಳೆಯ ಸ್ಕೂಟರನ್ನು ನಿಲ್ಲಿಸಿ ಬಂದ. ಮಗಳ ಕಡೆ ನೋಡದೆ ನೇರ ಕಾವಲುಗಾರ ಪೆದ್ದಪ್ಪನ ಮೇಜಿಗೆ ಹೋಗಿ ಊಟದ ಕ್ಯಾರಿಯರನ್ನು ತಾನೇ ಬಿಚ್ಚಿ ಇಟ್ಟ. ಒಂಬತ್ತು ದಿನದಿಂದ ಇದು ಹೊಸ ನಿಯಮ. ಒಳಗೆ ಬರುವಾಗೊಮ್ಮೆ, ಹೋಗುವಾಗೊಮ್ಮೆ. ಮುಳಬಾಗಿಲಿನ ಕಡೆಯ ಪೆದ್ದಪ್ಪನ ಬಾಯಿ ಅರ್ಧ ತೆಲುಗು, ಅರ್ಧ ಕನ್ನಡ.

"ಏಮಯ್ಯಾ ಸಾಯಬು, ಇವತ್ತು ಏನ್ ಸ್ಪೆಷಲ್ಲು?" ಎನ್ನುತ್ತ ಒಂದು ಚಮಚದಲ್ಲಿ ಅನ್ನವನ್ನು ತಳದವರೆಗೂ ಕೆದಕಿದ. "ಕಲ್ಲು ಗಿಲ್ಲು ಸಿಕ್ರೆ ನನ್ನ ಹಲ್ಲು ಹೋಗ್ತಾವಪ್ಪ!"

"ಹಲ್ಲು ಎಲ್ಲಿದ್ದಾವೆ ನಿಂಗೆ, ಹೋಗಕ್ಕೆ?" ಎಂದ ಓಬೇದುಲ್ಲಾ. ಪೆದ್ದಪ್ಪ ಗಹಗಹಿಸಿ ನಕ್ಕ. ಓಬೇದುಲ್ಲಾನೂ ನಕ್ಕ. ಇಬ್ಬರೂ ಹತ್ತು ವರ್ಷದ ಗೆಳೆಯರು. ಆದರೆ ಚಮಚ ನಿಲ್ಲಲಿಲ್ಲ; ಬೇಳೆಯೊಳಗೂ ಹೋಗಿ ಬಂತು. ಅಂಬ್ರೀನ್ ಆ ಚಮಚವನ್ನೇ ನೋಡುತ್ತಿದ್ದಳು. ಉಮಾಶಂಕರ ತನ್ನ ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ಒಳಗೆ ಹೋದ. ಅವನ ಊಟದ ಡಬ್ಬಿಯನ್ನು ಯಾರೂ ಯಾವತ್ತೂ ತೆರೆಸಿರಲಿಲ್ಲ.

ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಮೂರು ದಿನದ ಹಿಂದೆ, ಹೊಸ ಕೊಳವೆ ಬಂದ ಮೇಲೆ, ಕಪಾಟಿನ ಪೊಟ್ಟಣವನ್ನು ಯಾರಿಗೂ ಹೇಳದೆ ತೆರೆದು, ಎಲ್ಲವನ್ನೂ ಸರಿಯಾಗಿ ಮಾಡಿದ್ದ. ಅರವತ್ತಮೂರು. ಅದರಿಂದ ಬಂದ ಬಿಳಿಯ ಆಕ್ಸೈಡು ಸಣ್ಣ ಬಾಟಲಿಯಲ್ಲಿತ್ತು. ಹೇಳುವುದು ಬಹಳ ಸುಲಭ. ನಾನು ಅವತ್ತು ತೆರೆದ ಬೀಕರಿನಲ್ಲಿ ಕುದಿಸಿದೆ. ನಾಲ್ಕೈದು ಪದ. ಅವನ್ನು ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿದ. ಗಾಜಿನ ಸಾಮಾನುಗಳ ನಡುವೆ ಆ ದನಿ ಬೇರೆ ಯಾರದೋ ಎನ್ನುವಂತೆ ಕೇಳಿತು. ಹೇಳಿದರೆ ಏನಾಗುತ್ತದೆ? ಕೆಲಸ ಹೋಗಬಹುದು, ಹೋಗದೆಯೂ ಇರಬಹುದು. ಅವನನ್ನು ಹಿಡಿದಿದ್ದದ್ದು ಕೆಲಸವೂ ಅಲ್ಲ. ಇದನ್ನು ಬಿಟ್ಟರೆ ತನಗೆ ಬೇರೆ ಏನೂ ಗೊತ್ತಿಲ್ಲ, ಗೊತ್ತಿದ್ದ ಒಂದನ್ನೂ ಗೊತ್ತಿಲ್ಲದವನಂತೆ ಮಾಡಿದೆ ಎಂದು ಒಪ್ಪಿಕೊಂಡರೆ, ಆ ಮೇಲೆ ಈ ಕೋಣೆಯಲ್ಲಿ, ಈ ಅಂಗಿಯಲ್ಲಿ ನಿಂತಿರುವವನು ಯಾರು? ಹಿಂದಿನ ಬೆಂಚಿನ ನಗು ಹನ್ನೆರಡು ದಿನವೂ ಗೋಡೆಯಾಚೆ ಕಾಯುತ್ತಿದ್ದಂತಿತ್ತು.

ಈ ಓಬೇದುಲ್ಲಾನ ಮೇಲೆ ತಾನೊಮ್ಮೆ ಕೂಗಾಡಿದ್ದು ಯಾಕೋ ನೆನಪಾಯಿತು. ವರ್ಷದ ಹಿಂದಿನ ಮಾತು. ಕೆಸರಿನ ತಟ್ಟೆ ಇಡಲು ಬಂದವನು ಜಾಗ ಮಾಡಲು ಒಂದು ಫ್ಲಾಸ್ಕನ್ನು ಎರಡು ಇಂಚು ಪಕ್ಕಕ್ಕೆ ಸರಿಸಿದ್ದ. "ಇಲ್ಲಿರೋದು ಯಾವುದನ್ನೂ ಮುಟ್ಟಬೇಡ! ಬೆಂಕಿ ಬಿದ್ರೂ ಮುಟ್ಟಬೇಡ! ನಿಂಗೇನ್ ಗೊತ್ತಾಗುತ್ತೆ?" ಎಂದಿದ್ದ. ತನಗಿಂತ ಇಪ್ಪತ್ತು ವರ್ಷ ದೊಡ್ಡವನನ್ನು ಏಕವಚನದಲ್ಲಿ. ಓಬೇದುಲ್ಲಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಪ್ಪಾಯ್ತು ಸಾರ್, ಎಂದಿದ್ದ. ಅಂದಿನಿಂದ ಈ ಕೋಣೆಗೆ ಬಂದಾಗಲೆಲ್ಲ ಅವನ ಕೈಗಳು ಬೆನ್ನ ಹಿಂದೆಯೇ ಇರುತ್ತಿದ್ದವು.

ಹನ್ನೊಂದಕ್ಕೆ ಅಮರನಾಥರ ಕೋಣೆಯಿಂದ ಕರೆ ಬಂತು. ಟೈಪು ಮಾಡಿದ ಕಾಗದ ಮೇಜಿನ ಮೇಲಿತ್ತು, ಅದರ ಮೇಲೆ ಒಂದು ಪೆನ್ನು. ಓಬೇದುಲ್ಲಾ ನಿಂತಿದ್ದ. ಒಳಗೆ ಬಿಡುವುದಿಲ್ಲ ಎಂದರೂ ಅಂಬ್ರೀನ್ ಬಾಗಿಲ ಹೊರಗಿನ ಬೆಂಚಿನ ತನಕ ಬಂದು ಕೂತಿದ್ದಳು.

"ಬನ್ನಿ ಉಮಾಶಂಕರ್. ಈತ ಏನಂತಾನೆ ಕೇಳಿ. ಸೈನ್ ಹಾಕಲ್ವಂತೆ. ತನ್ನ ಕಣ್ಮುಂದೆ ಇನ್ನೊಂದ್ಸಲ ನೋಡ್ಬೇಕಂತೆ," ಎಂದರು ಅಮರನಾಥ್. ಕೆಟ್ಟವರಲ್ಲ. ನಿದ್ದೆಗೆಟ್ಟ ಮುಖ. "ಯಾಕಯ್ಯಾ, ನಿಂಗೆ ಇವರು ಓದಿರೋದು ಅರ್ಥ ಆಗುತ್ತೇನಯ್ಯಾ?"

"ಅರ್ಥ ಆಗಲ್ಲ ಸಾರ್. ಬಣ್ಣ ಕಾಣುತ್ತೆ," ಎಂದ ಓಬೇದುಲ್ಲಾ. "ಮಗಳು ಹೇಳ್ತಾಳೆ, ಇದಾದ್ರೆ ಕಿತ್ತಳೆ ಬರುತ್ತೆ, ನಮ್ಮೂರ ಕಲ್ಲಾದ್ರೆ ಏನೂ ಬರಲ್ಲ ಅಂತ. ಅಷ್ಟು ತೋರಿಸ್ಬಿಡಿ. ಬರದಿದ್ರೆ ನಾನೇ ಠಾಣೆಗೆ ಹೋಗ್ತೀನಿ."

ಉಮಾಶಂಕರನ ಕೈ ತಾನಾಗಿ ಜೇಬಿಗೆ ಹೋಯಿತು. "ನೋಡಿದ್ದೀನಿ ಸರ್," ಎಂದ. "ಕಪಾಟಿನ ಪೊಟ್ಟಣ ತೆಗೆದು ಮತ್ತೆ ಮಾಡಿದೆ. ಅರವತ್ತಮೂರು ಬಂದಿದೆ."

ಯಾವಾಗ ಮಾಡಿದಿರಿ ಎಂದು ಅಮರನಾಥ್ ಕೇಳಲಿಲ್ಲ. ಆ ಪ್ರಶ್ನೆಗಾಗಿ ಅವನು ಮೈಯೆಲ್ಲ ಬಿಗಿ ಹಿಡಿದು ನಿಂತಿದ್ದ, ಬರಲಿಲ್ಲ. ಎಲ್ಲರೂ ಪ್ರಯೋಗಶಾಲೆಗೆ ಬಂದರು. ಅವನು ಬಾಟಲಿಯ ಬಿಳಿ ಪುಡಿಯನ್ನು ಚಿಟಿಕೆಯಷ್ಟು ಕೊಳವೆಗೆ ಹಾಕಿ, ಅಯೋಡಿನ್ ಇರುವ ಹೈಡ್ರಯೋಡಿಕ್ ಆಮ್ಲ ಸುರಿದು ಬೆಚ್ಚಗೆ ಮಾಡಿದ. ಅಂಬ್ರೀನ್ ಬಾಗಿಲಲ್ಲಿ ನಿಂತಿದ್ದಳು, ಓಬೇದುಲ್ಲಾ ಮೇಜಿನಿಂದ ಒಂದು ಮಾರು ದೂರದಲ್ಲಿ, ಕೈಗಳು ಬೆನ್ನ ಹಿಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೊಳವೆಯೊಳಗೆ ಒಂದು ಮಬ್ಬು ಎದ್ದು, ಆ ಮಬ್ಬಿನೊಳಗಿಂದ ಬಣ್ಣ ಇಳಿಯಿತು. ಸೀಮೆಸುಣ್ಣದ ಕಿತ್ತಳೆ ಇದರ ಮುಂದೆ ಏನೂ ಅಲ್ಲ. ಒಳಗೆ ದೀಪವಿಟ್ಟಂತೆ, ಕಣಕಣವೂ ಬೇರೆ ಬೇರೆಯಾಗಿ ಹೊಳೆಯುವ ಕಿತ್ತಳೆ. ಒಂದು ಗಳಿಗೆ ನಾಲ್ಕೂ ಜನ ಅದನ್ನೇ ನೋಡಿದರು. ಆ ಗಳಿಗೆಯಲ್ಲಿ ಅವನಿಗೆ ಸುಖವೇ ಆಯಿತು. ಕೊನೆಗೂ ಒಬ್ಬ ವಿದ್ಯಾರ್ಥಿಗೆ ಇದನ್ನು ನಿಜವಾಗಿ ತೋರಿಸಿದೆ ಎಂದು ಮನಸ್ಸು ಎಲ್ಲಿಗೋ ಹಾರಿತು. ಆಮೇಲೆ ತಾನು ಎಲ್ಲಿ ನಿಂತಿದ್ದೇನೆಂಬುದು ನೆನಪಾಯಿತು.

"ಹಾಗಾದ್ರೆ ಡ್ರಮ್ಮಲ್ಲಿ ಮಾಲು ಇದೆ," ಎಂದರು ಅಮರನಾಥ್ ನಿಧಾನವಾಗಿ. "ಇದೆ ಅಂದ್ಮೇಲೆ ಆವತ್ತು ಹತ್ತೊಂಬತ್ತು ಹೆಂಗೆ ಬಂತು?"

ಇದೇ ಗಳಿಗೆ. ಅವನು ಬಾಯಿ ತೆರೆದ. ಪದಗಳು ಬೆಳಗಿನಿಂದ ಸಿದ್ಧವಾಗಿದ್ದವು, ಒಂದರ ಹಿಂದೆ ಒಂದು ನಿಂತಿದ್ದವು. ಬಾಗಿಲಲ್ಲಿ ಅಂಬ್ರೀನಳ ಕಣ್ಣು. ಅವನು ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ, ತೆಗೆದ, ಮತ್ತೆ ಸಿಕ್ಕಿಸಿದ.

"ಸರ್, ಅದು... ಒಂದೊಂದ್ಸಲ..." ಎಂದ.

"ನಾನು ಸರಿಯಾಗಿ ಕಲಸಿರ್ಲಿಲ್ಲ ಸಾರ್," ಎಂದ ಓಬೇದುಲ್ಲಾ.

ಎಲ್ಲರೂ ಅವನ ಕಡೆ ತಿರುಗಿದರು.

"ಡ್ರಮ್ಮು ತಳದಿಂದ ಕಲಸಿ ತೆಗೀಬೇಕು. ಆವತ್ತು ಸೊಂಟ ಹಿಡ್ಕೊಂಡಿತ್ತು. ಮೇಲ್ಮೇಲಿಂದ ಎತ್ತಿ ಕೊಟ್ಬಿಟ್ಟೆ. ಒಂದು ಪೊಟ್ಟಣಕ್ಕೆ ಒಳ್ಳೇದು ಬಂತು, ಇನ್ನೊಂದಕ್ಕೆ ಬರ್ಲಿಲ್ಲ."

ಎರಡು ಪಾಲೂ ಒಂದೇ ಹಿಡಿಯಿಂದ ಮಾಡಿದವು. ಹಾಗಾಗುವುದು ಸಾಧ್ಯವೇ ಇರಲಿಲ್ಲ. ಅಮರನಾಥರಿಗೆ ಅದು ಹೊಳೆಯಲಿಲ್ಲ. ಹೊಳೆಯುವುದು ಬೇಕಾಗಿಯೂ ಇರಲಿಲ್ಲ. ಅವರ ಮುಖದ ಗಂಟು ಬಿಚ್ಚಿಕೊಂಡಿತ್ತು. "ಥೂ ನಿನ್ನ! ಸೋಮಾರಿತನಕ್ಕೆ ಎಷ್ಟು ದಿನ ನಮ್ಮ ಹೊಟ್ಟೆ ಉರಿಸ್ದಲ್ಲಯ್ಯಾ! ಮೊದಲೇ ಬೊಗಳೋಕೇನಾಗಿತ್ತು?" ಎಂದು ಅರ್ಧ ಬೈದು ಅರ್ಧ ನಕ್ಕರು. "ಹೌದೇನ್ರೀ? ಹಂಗಾಗಿರ್ಬೋದಾ?"

ಉಮಾಶಂಕರ ತಲೆಯಾಡಿಸಿದ. ಯಾವ ಕಡೆಗೆ ಆಡಿಸಿದೆ ಎಂದು ಅವನಿಗೇ ತಿಳಿಯಲಿಲ್ಲ. ಅಮರನಾಥ್ ಅದನ್ನು ಹೌದು ಎಂದು ತೆಗೆದುಕೊಂಡರು. ಕಾಗದವನ್ನು ಹರಿಯುತ್ತೇನೆ, ನಾಳೆಯಿಂದ ಡ್ರಮ್ಮಿನ ಹತ್ತಿರ ಹೋಗಬೇಡ, ಪ್ಯಾಕಿಂಗಿಗೆ ಹೋಗು ಎಂದರು. ಓಬೇದುಲ್ಲಾ, ಬೇಡ ಸಾರ್, ಸೊಂಟಕ್ಕೆ ಆಗಲ್ಲ, ಈಗಲೇ ಹೊರಡ್ತೀನಿ, ನಾಳೆಯಿಂದ ಬರಲ್ಲ ಎಂದ. ಯಾರೂ ಒತ್ತಾಯ ಮಾಡಲಿಲ್ಲ.

ಅಮರನಾಥ್ ಹೊರಟ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಅಂಬ್ರೀನ್ ಬಾಗಿಲಲ್ಲಿ ಇರಲಿಲ್ಲ.

"ಭಾಯ್," ಎಂದ ಉಮಾಶಂಕರ. ಇದುವರೆಗೆ ಹಾಗೆ ಕರೆದಿರಲಿಲ್ಲ. "ಯಾಕೆ ಹಂಗೆ ಹೇಳಿದ್ರಿ?"

"ಕಳ್ಳ ಅನ್ನೋದು ಹೋಯ್ತಲ್ಲ ಸಾರ್. ಸೋಮಾರಿ ಅಂದ್ರೆ ಅನ್ನಲಿ, ಮನೇಲಿ ನನ್ನ ಹೆಂಡ್ತೀನೂ ಅದನ್ನೇ ಅಂತಾಳೆ." ಓಬೇದುಲ್ಲಾ ನಕ್ಕ. ಆಮೇಲೆ ನಗು ನಿಲ್ಲಿಸಿ ಬಿಸಿ ಮಾಡುವ ಒಲೆಯ ಕಡೆ ನೋಡಿದ. "ಆವತ್ತು ನಾನು ಬಂದಿದ್ದೆ ಸಾರ್, ತಟ್ಟೆ ತಗೊಂಡು ಹೋಗೋಕೆ. ನೀವು ಹೊರಗೆ ಫೋನಲ್ಲಿದ್ರಿ. ಇಲ್ಲಿ ಕೊತಕೊತ ಕುದೀತಾ ಇತ್ತು. ಹೊಗೆ ಬರ್ತಿತ್ತು. ಸ್ವಿಚ್ಚು ಆರಿಸೋಣ ಅಂತ ಕೈ ಹತ್ರ ತಂದೆ." ಅವನ ಕೈ ಬೆನ್ನ ಹಿಂದಿನಿಂದ ಸ್ವಲ್ಪ ಮುಂದೆ ಬಂದು ಮತ್ತೆ ಹಿಂದೆ ಹೋಯಿತು. "ಮುಟ್ಟಬೇಡ ಅಂದಿದ್ರಲ್ಲ. ಬೆಂಕಿ ಬಿದ್ರೂ ಮುಟ್ಟಬೇಡ ಅಂತ. ಅದಕ್ಕೆ ಸುಮ್ನೆ ಹೋದೆ."

ಉಮಾಶಂಕರ ಮೇಜಿನ ಅಂಚನ್ನು ಹಿಡಿದುಕೊಂಡ. "ಇದನ್ನ ಅವರ ಮುಂದೆ ಹೇಳ್ಬೋದಿತ್ತು."

"ಹೇಳ್ಬೋದಿತ್ತು. ಒಂಬತ್ತು ದಿನದಿಂದ ಹೇಳ್ಬೋದಿತ್ತು. ನೀವೇ ಹೇಳ್ತೀರಿ ಅಂತ ಕಾದೆ ಸಾರ್." ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಮಗಳು ಅಲ್ಲೇ ನಿಂತಿದ್ಲು. ಮೂರು ವರ್ಷ ಮನೇಲಿ ನಿಮ್ಮ ಹೆಸರು ಕೇಳಿ ಕೇಳಿ ಸಾಕಾಗಿದೆ ನನಗೆ. ನಮ್ಮ ಸರ್ ಹಿಂಗಂದ್ರು, ನಮ್ಮ ಸರ್ ಹಂಗಂದ್ರು. ಅವಳ ಎದುರಿಗೆ ನಿಮ್ಮ ಮೇಲೆ ಹೆಂಗೆ ಹೇಳ್ಲಿ?"

ಅವನು ಹೋದ. ಉಮಾಶಂಕರ ಕೊಳವೆಯನ್ನು ಕೈಗೆತ್ತಿಕೊಂಡು ನಲ್ಲಿ ತಿರುಗಿಸಿದ. ನೀರು ತಾಗಿದಲ್ಲೆಲ್ಲ ಕಿತ್ತಳೆ ಮಾಸತೊಡಗಿತು. ಇನ್ನೊಂದು ಸಲ ತುಂಬಿಸಿ ಅಲುಗಾಡಿಸಿದ. ಕಣಗಳು ಕರಗಿ, ತಳದಲ್ಲಿ ಸುಣ್ಣದ ನೀರಿನಂಥ ಮಬ್ಬು ಉಳಿಯಿತು. ಅದೂ ಹರಿದುಹೋಯಿತು. ಆಗ ಅವನು ಓಡಿದ. ಕಾರಿಡಾರಿನಲ್ಲಿ ಓಡುವಾಗ ಅಮರನಾಥರ ಬಾಗಿಲು ಬಲಕ್ಕೆ ತೆರೆದೇ ಇತ್ತು, ಅವರು ಫೋನಿನಲ್ಲಿ ನಗುತ್ತಿದ್ದದ್ದು ಕೇಳಿಸಿತು. ಅಲ್ಲಿ ತಿರುಗಬೇಕಿತ್ತು. ತಿರುಗಲಿಲ್ಲ. ಗೇಟಿನ ಕಡೆಗೇ ಓಡಿದ, ಕೇಳಿಸಿಕೊಳ್ಳಬೇಕಾದವರು ಅಲ್ಲಿದ್ದಾರೆ ಎಂಬಂತೆ.

ಪೆದ್ದಪ್ಪ ಕ್ಯಾರಿಯರನ್ನು ಹೋಗುವಾಗಲೂ ಬಿಚ್ಚಿಸಿದ್ದ. ಅನ್ನ ಹಾಗೇ ಇತ್ತು, ಊಟದ ಹೊತ್ತಾಗಿರಲಿಲ್ಲ. "ಇಂಕ ಪೋ ಅಯ್ಯಾ, ಹೊರಡು, ನಿನ್ನ ಕಾಟ ಮುಗೀತು," ಎಂದು ಅವನೇ ಮುಚ್ಚಳ ಹಾಕಿ ಕೊಟ್ಟ. ಓಬೇದುಲ್ಲಾ ಸ್ಕೂಟರು ಒದೆಯುತ್ತಿದ್ದ. ಅಂಬ್ರೀನ್ ಪಕ್ಕದಲ್ಲಿ ನಿಂತಿದ್ದಳು.

"ಅಂಬ್ರೀನ್," ಎಂದ ಉಮಾಶಂಕರ ಏದುಸಿರಿನಲ್ಲಿ. "ನಾನು ಆವತ್ತು..."

ಅವಳು ಕಾದಳು. ನಿಜವಾಗಿಯೂ ಕಾದಳು. ಸ್ಕೂಟರು ಎರಡು ಸಲ ಕೆಮ್ಮಿ ನಿಂತಿತು. ಪೆದ್ದಪ್ಪ ಕುತೂಹಲದಿಂದ ಕತ್ತು ಚಾಚಿದ. ತೊಟ್ಟಿಯ ಹತ್ತಿರದ ಕೆಲಸಗಾರರು ಇತ್ತ ನೋಡುತ್ತಿದ್ದರು.

"ಎರಡೂ ಪೊಟ್ಟಣ ಒಂದೇ ಸಲ ತೆಗೆಯೋದು ಸರ್," ಎಂದಳು ಕೊನೆಗೆ. "ಅಬ್ಬಾ ಯಾವಾಗ್ಲೂ ಹೇಳ್ತಿರ್ತಾರೆ. ಅದು ನಂಗೂ ಗೊತ್ತು."

"ನಕ್ಕೋ ಬೇಟಿ, ಬೇಡ ಬಿಡು," ಎಂದ ಓಬೇದುಲ್ಲಾ. "ಚಲ್. ಸಾರ್‌ಗೆ ಕೆಲಸ ಇದೆ."

ಸ್ಕೂಟರು ಶುರುವಾಯಿತು. ಹತ್ತುವ ಮುಂಚೆ ಅವಳು ಎದೆಗೊತ್ತಿಕೊಂಡಿದ್ದ ನೋಟ್ ಪುಸ್ತಕವನ್ನು ಅವನ ಕೈಯಲ್ಲಿಟ್ಟಳು. "ಇದು ನಿಮ್ಮದೇ ಸರ್. ನನಗೆ ಇನ್ನು ಬೇಡ," ಎಂದಳು. ಗುರುಗಳಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟಳು.

ಶಿವಾರಪಟ್ಟಣದ ತಿರುವಿನಲ್ಲಿ ಹಸಿರು ದುಪಟ್ಟಾ ಮರೆಯಾದ ಮೇಲೂ ಅವನು ನಿಂತೇ ಇದ್ದ. ಪುಸ್ತಕ ತಾನಾಗಿ ಒಂದು ಹಾಳೆಯಲ್ಲಿ ತೆರೆದುಕೊಂಡಿತು. ಅಲ್ಲಿ ಬೆನ್ನು ಮುರಿದಷ್ಟು ಸಲ ಅದನ್ನು ತೆರೆದಿರಬೇಕು. ಎರಡು ಖಾಲಿ ವೃತ್ತ, ಸ್ಕೆಚ್ ಪೆನ್ನಿನ ಕಿತ್ತಳೆ ವೃತ್ತವೊಂದು, ಹಳದಿಯದೊಂದು. ಕೆಳಗೆ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಅವನದೇ ಮಾತು, ಕೆಂಪು ಗೆರೆ ಎಳೆದದ್ದು: ತೆರೆದ ಪಾತ್ರೆಯಲ್ಲಿ ಆಮ್ಲ ಹಾಕಿ ಎಂದಿಗೂ ಕಾಯಿಸಬಾರದು. ಅದರ ಪಕ್ಕದ ಅಂಚಿನಲ್ಲಿ, ಪರೀಕ್ಷೆಗೆ ಬೇಕಿಲ್ಲದ್ದನ್ನೂ ಬಿಡದೆ ಬರೆದುಕೊಳ್ಳುವ ಹುಡುಗಿಯ ಸಣ್ಣ ಅಕ್ಷರದಲ್ಲಿ: ಸರ್ ಜೋಕ್ — ಜರ್ಮೇನಿಯಂ ಬಹಳ ಸಂಕೋಚದ ನೆಂಟ. ಬಿಸಿಯಾದ ತಕ್ಷಣ, ಎಲ್ಲರ ಎದುರಿಗೇ, ಯಾರಿಗೂ ಹೇಳದೆ ಎದ್ದು ಹೊರಟುಹೋಗುತ್ತೆ.

"ಏನ್ ಸಾರ್ ಅದು, ಲೆಕ್ಕದ ಪುಸ್ತಕಾನಾ?" ಎಂದ ಪೆದ್ದಪ್ಪ.

ಅವನು ಪುಸ್ತಕವನ್ನು ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಆಮೇಲೆ, ಯಾರೂ ಕೇಳದಿದ್ದರೂ, ಕೈಚೀಲದಿಂದ ತನ್ನ ಊಟದ ಡಬ್ಬಿಯನ್ನು ತೆಗೆಯಬೇಕೆಂದು ಪಕ್ಕಕ್ಕೆ ಕೈ ಚಾಚಿದ. ಚೀಲ ಒಳಗೇ ಉಳಿದಿತ್ತು. ಖಾಲಿ ಕೈಗಳನ್ನು ಪೆದ್ದಪ್ಪನ ಮೇಜಿನ ಮೇಲೆ, ಅಂಗೈ ಮೇಲಾಗಿ ಇಟ್ಟು ನಿಂತ.

"ನೋಡಪ್ಪ," ಎಂದ. "ಸರಿಯಾಗಿ ನೋಡು."

ಪೆದ್ದಪ್ಪ ನೋಡಿದ. ಅರ್ಥವಾಗದೆ ನಕ್ಕು, "ಏನಿಲ್ವಲ್ಲ ಸಾರ್," ಎಂದ.